ಕೋಲಾರದ ತಾರಸಿಯಲ್ಲಿ ಸೊಪ್ಪು, ಟೊಮೆಟೊ: ಗಡಸು ನೀರಿನಲ್ಲೂ ಚೀಲದ ಬೆಳೆ ತೆಗೆಯುವುದು ಹೇಗೆ?

"ಬೀಜ ಚೆನ್ನಾಗಿ ಮೊಳೀತು, ಒಂದು ತಿಂಗಳು ಗಿಡ ನಳನಳಿಸ್ತಾ ಇತ್ತು. ಈಗ ಎಲೆ ಹಳದಿ ಆಗಿ ಹಾಗೇ ನಿಂತುಬಿಟ್ಟಿದೆ. ಯಾವ ಗೊಬ್ಬರ ಹಾಕಲಿ?"

ತಾರಸಿಯ ಮೇಲೆ ಚೀಲ, ಕುಂಡ ಇಟ್ಟುಕೊಂಡಿರುವ ನಮ್ಮ ಜಿಲ್ಲೆಯವರು ಹೆಚ್ಚುಕಡಿಮೆ ಇದೇ ಪ್ರಶ್ನೆ ಕೇಳುತ್ತಾರೆ. ಮಾಲೂರಿನವರೂ ಇದನ್ನೇ ಕೇಳುತ್ತಾರೆ, ಮುಳಬಾಗಿಲಿನವರೂ ಇದನ್ನೇ ಕೇಳುತ್ತಾರೆ. ನಾನು ಮೊದಲು ಎರಡು ವಿಷಯ ವಿಚಾರಿಸುತ್ತೇನೆ. ಚೀಲಕ್ಕೆ ಯಾವ ಮಣ್ಣು ತುಂಬಿದ್ದೀರಿ? ಯಾವ ನೀರು ಹಾಕುತ್ತಿದ್ದೀರಿ? ಬಹಳ ಸಲ ತೊಂದರೆ ಅಲ್ಲೇ ಸಿಕ್ಕಿಬಿಡುತ್ತದೆ. ಗೊಬ್ಬರದ ಮಾತು ಆಮೇಲೆ.

ಕರಾವಳಿಯವರು, ಮಲೆನಾಡಿನವರು ಹೇಳುವ ಲೆಕ್ಕ ನಮಗೆ ಹಾಗೇ ಹೊಂದುವುದಿಲ್ಲ. ವರ್ಷವಿಡೀ ಹರಿಯುವ ನದಿ ನಮ್ಮಲ್ಲಿ ಒಂದೂ ಇಲ್ಲ. ಆಳದ ಬೋರ್‌ವೆಲ್ ನೀರು, ಒಣಗಿದರೆ ಕಲ್ಲಾಗುವ ಕೆಂಪು ಮಣ್ಣು, ಮಾರ್ಚ್ ಬಂತೆಂದರೆ ಕಾಲಿಡಲಾಗದ ತಾರಸಿ. ಈ ಮೂರನ್ನೂ ಮನಸ್ಸಿನಲ್ಲಿಟ್ಟುಕೊಂಡು ಮುಂದಿನದ್ದನ್ನು ಓದಿ.

ಶುರುವಿಗೆ ಏನೇನು ಬೇಕು?

ನಾಲ್ಕು ಜನರ ಮನೆಗೆ ಆರು ಚೀಲ ಸಾಕು. ಸೊಪ್ಪಿಗೆ 18 ಇಂಚು ಅಗಲ, 9 ಇಂಚು ಎತ್ತರದ ನಾಲ್ಕು. ಟೊಮೆಟೊ, ಬದನೆಗೆ 15 ಇಂಚು ಅಗಲ, 15 ಇಂಚು ಎತ್ತರದ ಎರಡು. ಇವುಗಳಿಗೆ 5 ಕೆ.ಜಿ.ಯ ಒಂದು ಕೋಕೋಪೀಟ್ ಇಟ್ಟಿಗೆ, ಮೂರು ನಾಲ್ಕು ಬಕೆಟ್ ಕೆಂಪು ಮಣ್ಣು, ಅಷ್ಟೇ ಹಳೆಯ ಗೊಬ್ಬರ, ಒಂದು ಕೆ.ಜಿ. ಬೇವಿನ ಹಿಂಡಿ. ಕೋಕೋಪೀಟ್ ಎಂದರೆ ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ. ಒತ್ತಿ ಇಟ್ಟಿಗೆ ಮಾಡಿರುತ್ತಾರೆ. ನೆನೆಸಿದರೆ ಆ 5 ಕೆ.ಜಿ. ಸುಮಾರು 60ರಿಂದ 70 ಲೀಟರ್ ಆಗುವಷ್ಟು ಉಬ್ಬುತ್ತದೆ.

ಒಂದೇ ಸಲ ಇಪ್ಪತ್ತು ಮೂವತ್ತು ಚೀಲ ತಂದುಬಿಡಬೇಡಿ. ಆರು ಚೀಲವನ್ನು ಒಂದು ಮಳೆಗಾಲ, ಒಂದು ಬೇಸಿಗೆ ನೋಡಿಕೊಳ್ಳಿ. ಆಮೇಲೆ ಹೆಚ್ಚಿಸಿ.

1. ಬಿಸಿಲು ಎಲ್ಲಿ ಬೀಳುತ್ತದೆ ನೋಡಿ

ಕಾಯಿ ಬಿಡುವ ಗಿಡಕ್ಕೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಸೊಪ್ಪಿಗೆ ಮೂರು ನಾಲ್ಕು ಗಂಟೆ ಸಾಕು. ಪೂರ್ವದ ಬಿಸಿಲು ಬೀಳುವ ಜಾಗ ಸಿಕ್ಕರೆ ಅದೇ ಒಳ್ಳೆಯದು. ಮಧ್ಯಾಹ್ನದ ಮೇಲಿನ ಬಿಸಿಲು ಬೇಸಿಗೆಯಲ್ಲಿ ಗಿಡವನ್ನು ಸುಡುತ್ತದೆ.

15 ಇಂಚಿನ ಚೀಲ ತುಂಬಿ ನೀರು ಹಾಕಿದ ಮೇಲೆ ಒಬ್ಬರ ಕೈಲಿ ಎತ್ತಲು ಆಗುವುದಿಲ್ಲ. ಹಾಗಾಗಿ ಜಾಗ ಗೊತ್ತು ಮಾಡಿಕೊಂಡೇ ತುಂಬಿ. ಭಾರದ ಚೀಲಗಳನ್ನು ತಾರಸಿಯ ನಡುವೆ ಇಡದೆ ಗೋಡೆ, ತೊಲೆಗಳ ಮೇಲೆ ಬರುವ ಹಾಗೆ ಅಂಚಿಗೆ ಇಡಿ. ಪ್ರತಿ ಚೀಲದ ಕೆಳಗೆ ಮೂರು ಇಟ್ಟಿಗೆ ಕೊಡಿ. ನೀರು ಹರಿದು ಹೋಗುತ್ತದೆ, ಸೂರಿಗೂ ತೇವ ಇಳಿಯುವುದಿಲ್ಲ, ಕಾದ ಸಿಮೆಂಟಿನ ಬಿಸಿ ಬೇರಿಗೂ ತಟ್ಟುವುದಿಲ್ಲ.

2. ಚೀಲವೋ, ಬಕೆಟ್ಟೋ

ಗ್ರೋ ಬ್ಯಾಗ್ ಎಂದು ಮಾರುವ ದಪ್ಪ ಹಸಿರು ಚೀಲ ಕೆಲವು ವರ್ಷ ಬಾಳಿಕೆ ಬರುತ್ತದೆ. ಅಕ್ಕಿ ಚೀಲ ಬಿಸಿಲಿಗೆ ಪುಡಿಪುಡಿಯಾಗುತ್ತದೆ, ಆ ಪ್ಲಾಸ್ಟಿಕ್ ಎಳೆಯೆಲ್ಲಾ ಮಣ್ಣಿಗೇ ಸೇರುತ್ತದೆ. ಹಳೆ ಬಕೆಟ್, ಒಡೆದ ಡ್ರಮ್, ಥರ್ಮೋಕೋಲ್ ಡಬ್ಬಿ ಎಲ್ಲವೂ ಆದೀತು. ಆಯಿಲ್ ಪೇಂಟ್, ಕೀಟನಾಶಕ ಇದ್ದ ಡಬ್ಬಿ ಮಾತ್ರ ಬೇಡವೇ ಬೇಡ. ಎಷ್ಟು ತೊಳೆದರೂ ಬೇಡ.

ತಳದಲ್ಲಿ ಕಿರುಬೆರಳು ಹೋಗುವಷ್ಟು ನಾಲ್ಕೈದು ತೂತು ಇರಲಿ. ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಇಳಿಯುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಅದು ಸರಿಯಲ್ಲ. ಮಣ್ಣಿನಲ್ಲಿರುವ ನೀರು ಜಲ್ಲಿಯ ಮೇಲೆಯೇ ತಡೆದು ನಿಲ್ಲುತ್ತದೆ, ಬೇರಿಗೆ ಸಿಗುವ ಜಾಗವೂ ಕಡಿಮೆಯಾಗುತ್ತದೆ. ತೂತಿನ ಮೇಲೆ ಒಂದು ಹಿಡಿ ತೆಂಗಿನ ನಾರು ಇಟ್ಟರೆ ಸಾಕು.

3. ಮಣ್ಣು ಕಲಸುವುದು

ಇದಕ್ಕೆ ಒಂದು ಭಾನುವಾರ ಪೂರ್ತಿ ಎತ್ತಿಡಿ. ಇಲ್ಲಿ ಅವಸರ ಮಾಡಿದರೆ ಆಮೇಲೆ ಏನು ಮಾಡಿದರೂ ಸರಿಹೋಗುವುದಿಲ್ಲ.

ಹೊಲದ ಕೆಂಪು ಮಣ್ಣನ್ನು ಹಾಗೇ ತುಂಬುವುದು ಎಲ್ಲರೂ ಮಾಡುವ ಮೊದಲ ತಪ್ಪು. ನಾನೂ ಮೊದಲ ವರ್ಷ ಅದನ್ನೇ ಮಾಡಿದ್ದೆ. ಎರಡು ತಿಂಗಳಲ್ಲಿ ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿ ಚೀಲದ ಗೋಡೆಯಿಂದ ಒಂದು ಬೆರಳು ಬಿಟ್ಟುಕೊಂಡಿತ್ತು. ಹಾಕಿದ ನೀರೆಲ್ಲಾ ಆ ಸಂದಿಯಲ್ಲಿ ಸರ್ರನೆ ಇಳಿದು ಕೆಳಗೆ ಹರಿಯುತ್ತಿತ್ತು. ನೀರು ಜಾಸ್ತಿಯೇ ಆಗಿದೆ ಎಂದುಕೊಂಡಿದ್ದೆ. ಗಿಡ ಬಾಯಾರಿ ಸತ್ತಿತ್ತು. ಹೊಲದಲ್ಲಿ ಎರೆಹುಳು, ಇರುವೆ, ನೇಗಿಲು ಎಲ್ಲಾ ಸೇರಿ ಮಣ್ಣನ್ನು ಸಡಿಲ ಮಾಡುತ್ತವೆ. ಚೀಲದಲ್ಲಿ ಆ ಕೆಲಸ ನಾವೇ ಮಾಡಿ ಕೊಡಬೇಕು.

ಲೆಕ್ಕ ಸುಲಭ. ಒಂದು ಬಕೆಟ್ ಕೆಂಪು ಮಣ್ಣು, ಒಂದು ಬಕೆಟ್ ನೆನೆದ ಕೋಕೋಪೀಟ್, ಒಂದು ಬಕೆಟ್ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ. ದೊಡ್ಡ ಚೀಲಕ್ಕೆ ಎರಡು ಹಿಡಿ, ಚಿಕ್ಕದಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಹೊಂಗೆ ಹಿಂಡಿ ಸಿಕ್ಕರೂ ಸರಿ.

ಮಣ್ಣನ್ನು ಹೊಲದ ಮೇಲ್ಪದರದಿಂದ, ಅರ್ಧ ಅಡಿ ಆಳದೊಳಗೆ ತೆಗೆಯಿರಿ. ಮನೆ ಕಟ್ಟಲು ಪಾಯ ತೆಗೆದ ಮಣ್ಣು ಬೇಡ, ಅದರಲ್ಲಿ ಸತ್ವ ಇರುವುದಿಲ್ಲ. ಕೆರೆಗೋಡು, ಅಂದರೆ ಕೆರೆಯ ತಳದ ಹೂಳು, ಹೊಲಕ್ಕೆ ಬಂಗಾರ, ನಿಜ. ಚೀಲದಲ್ಲಿ ಮಾತ್ರ ಅದು ಅಂಟಿಕೊಂಡು ಗಾಳಿಯಾಡಲು ಬಿಡುವುದಿಲ್ಲ.

ಕೋಕೋಪೀಟಿನಲ್ಲಿ ಉಪ್ಪಿನ ಅಂಶ ಇರುತ್ತದೆ. ಟಬ್ಬಿನಲ್ಲಿ ನೆನೆಸಿ, ಹಿಂಡಿ, ನೀರು ಚೆಲ್ಲಿ. ಮೊದಲ ನೀರು ಕಡು ಚಹಾದ ಬಣ್ಣದಲ್ಲಿ ಬರುತ್ತದೆ. ಎರಡು ಮೂರು ಸಲ ತೊಳೆದ ಮೇಲೆ ತಿಳಿಯಾಗುತ್ತದೆ. ಬೋರ್ ನೀರಿನಲ್ಲೇ ತೊಳೆದರೂ ನಡೆಯುತ್ತದೆ.

ಗೊಬ್ಬರ ಕಳಿತಿದೆಯೋ ಇಲ್ಲವೋ ಎಂದು ಮೂಗೇ ಹೇಳುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಸರಿ. ಸಗಣಿಯ ವಾಸನೆ ಬಂದರೆ, ಮುಟ್ಟಿದಾಗ ಬೆಚ್ಚಗಿದ್ದರೆ ಇನ್ನೂ ಎರಡು ಮೂರು ತಿಂಗಳು ಬಿಡಿ. ಹಸಿ ಗೊಬ್ಬರ ಬೇರನ್ನು ಸುಡುತ್ತದೆ. ಅದರ ಜೊತೆ ಗೊಣ್ಣೆ ಹುಳವೂ ಬರುತ್ತದೆ. ಬಿಳಿಯಾಗಿ, ಸುರುಳಿ ಸುತ್ತಿಕೊಂಡು, ಕಂದು ತಲೆಯಿರುವ ದಪ್ಪ ಹುಳ ಅದು. ಒಂದು ಚೀಲದಲ್ಲಿ ಎರಡು ಇದ್ದರೂ ಬೇರು ಪೂರ್ತಿ ತಿಂದು ಮುಗಿಸುತ್ತವೆ.

ಕಲಸಿದ ಮೇಲೆ ಒಂದು ಹಿಡಿ ತೆಗೆದುಕೊಂಡು ಮುಷ್ಟಿಯಲ್ಲಿ ಒತ್ತಿ. ಕೈ ಬಿಚ್ಚಿದಾಗ ಉಂಡೆ ನಿಲ್ಲಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ರಾಗಿ ಮುದ್ದೆಯಂತೆ ಗಟ್ಟಿಯಾಗಿ ಕೂತರೆ ಮಣ್ಣು ಜಾಸ್ತಿ, ಅರ್ಧ ಬಕೆಟ್ ಕೋಕೋಪೀಟ್ ಸೇರಿಸಿ. ನೀರು ತೊಟ್ಟಿಕ್ಕಿದರೆ ಕೋಕೋಪೀಟ್ ಜಾಸ್ತಿ, ಇಲ್ಲವೇ ಸರಿಯಾಗಿ ಹಿಂಡಿಲ್ಲ.

ಚೀಲದ ಬಾಯಿಂದ ಎರಡು ಇಂಚು ಬಿಟ್ಟು ತುಂಬಿ. ಎರಡು ಲೀಟರ್ ನೀರು ನಿಧಾನಕ್ಕೆ ಹೊಯ್ಯಿರಿ. ಅದು ಮೇಲೆ ಕೊಳದ ಹಾಗೆ ನಿಂತುಬಿಟ್ಟರೆ ಮಿಶ್ರಣ ಗಟ್ಟಿಯಾಗಿದೆ ಎಂದೇ ಅರ್ಥ. ಸರಿ ಇದ್ದರೆ ತೇವ ಮಾಡಿ ಹತ್ತು ದಿನ ಹಾಗೇ ಬಿಡಿ. ಹಿಂಡಿ ಕೊಳೆಯುವಾಗ ಬಿಸಿ ಏಳುತ್ತದೆ. ಅದು ಇಳಿದ ಮೇಲೆ ಬಿತ್ತಿ.

4. ನೀರು

ನಿಮ್ಮ ಹಳೆಯ ಕುಂಡದ ಅಂಚನ್ನು ಹತ್ತಿರದಿಂದ ನೋಡಿ. ಮಣ್ಣಿನ ಮೇಲೆ, ಕುಂಡದ ಹೊರಮೈಮೇಲೆ ಬಿಳಿ ಪುಡಿ ಕಟ್ಟಿದೆ ಅಲ್ವಾ? ಉಗುರಿನಿಂದ ಕೆರೆದರೆ ಸುಣ್ಣದ ಹಾಗೆ ಉದುರುತ್ತದೆ. ಬಿಸಿ ನೀರಿನ ಹಂಡೆಯಲ್ಲಿ ಕಟ್ಟುವುದೂ ಇಂಥದ್ದೇ. ಬೋರ್ ನೀರಿನಲ್ಲಿ ಕರಗಿರುವ ಸುಣ್ಣ ಮತ್ತು ಉಪ್ಪುಗಳು ಇವು. ನೀರು ಆವಿಯಾಗಿ ಹೋಗುತ್ತದೆ, ಇವು ಚೀಲದಲ್ಲೇ ಉಳಿಯುತ್ತವೆ. ದಿನಾ ಸ್ವಲ್ಪ ಸ್ವಲ್ಪ ಸೇರಿ ಒಂದೆರಡು ತಿಂಗಳಲ್ಲಿ ಮಣ್ಣು ಕ್ಷಾರ ಆಗುತ್ತದೆ, ಅಂದರೆ ಹುಳಿಗೆ ವಿರುದ್ಧವಾದ ಚೌಳು ಗುಣ ಬರುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಎಳೆದುಕೊಳ್ಳಲು ಆಗುವುದಿಲ್ಲ. ಹೊಸ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದರೆ ಇದೇ ಕಾರಣ ಇರುವುದು ಜಾಸ್ತಿ. ಅದೇ ಕೆಳಗಿನ ಹಳೆ ಎಲೆ ಪೂರ್ತಿ ಹಳದಿಯಾದರೆ ಸಾರಜನಕ ಕಡಿಮೆ, ಅಂದರೆ ಗೊಬ್ಬರ ಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆ ಜನ ಮೊದಲನೆಯದಕ್ಕೂ ಗೊಬ್ಬರ ಸುರಿಯುತ್ತಾರೆ. ಉಪ್ಪು ಇನ್ನೂ ಹೆಚ್ಚುತ್ತದೆ.

ಮೊದಲು ನೀರು ಎಂಥದ್ದು ಎಂದು ತಿಳಿದುಕೊಳ್ಳಿ. ನೀರಿನಲ್ಲಿ ಕರಗಿರುವ ಒಟ್ಟು ಲವಣವನ್ನು ಟಿ.ಡಿ.ಎಸ್. ಎನ್ನುತ್ತಾರೆ. ಫಿಲ್ಟರ್ ಸರ್ವೀಸಿಗೆ ಬರುವವರ ಹತ್ತಿರ ಅದನ್ನು ಅಳೆಯುವ ಮೀಟರ್ ಇರುತ್ತದೆ, ಕೇಳಿದರೆ ಒಂದು ನಿಮಿಷದಲ್ಲಿ ನೋಡಿ ಹೇಳುತ್ತಾರೆ. ಲೀಟರಿಗೆ 450 ಮಿಲಿಗ್ರಾಂ ಒಳಗಿದ್ದರೆ ಚಿಂತೆಯಿಲ್ಲ. 450ರಿಂದ 2000ದವರೆಗೆ ಹುಷಾರಾಗಿ ಬಳಸಬಹುದು. ಅದಕ್ಕಿಂತ ಮೇಲಿದ್ದರೆ ಆ ನೀರನ್ನು ಚೀಲಕ್ಕೆ ಹಾಕಬೇಡಿ. ಸರಿಯಾಗಿ ಪರೀಕ್ಷೆ ಮಾಡಿಸಬೇಕೆಂದರೆ ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಈಗ ಮುಖ್ಯವಾದ ಎಚ್ಚರಿಕೆ. ನಮ್ಮಲ್ಲಿ ಫ್ಲೋರೈಡ್ ಭಯಕ್ಕೆ ಮನೆಮನೆಯಲ್ಲೂ ಆರ್.ಓ. ಫಿಲ್ಟರ್ ಇದೆ. ಅದರ ಪಕ್ಕದ ಪೈಪಿನಲ್ಲಿ ಹೊರಗೆ ಹೋಗುವ ನೀರನ್ನು ವ್ಯರ್ಥ ಮಾಡಬಾರದು ಎಂದು ಗಿಡಕ್ಕೆ ಹಾಕುವವರು ತುಂಬಾ ಇದ್ದಾರೆ. ದಯವಿಟ್ಟು ಹಾಕಬೇಡಿ. ಫಿಲ್ಟರ್ ಬೇರ್ಪಡಿಸಿದ ಉಪ್ಪೆಲ್ಲಾ ಇರುವುದು ಆ ನೀರಿನಲ್ಲೇ. ನೆಲ ಒರೆಸಲು, ಟಾಯ್ಲೆಟ್ಟಿಗೆ ಬಳಸಿ. ಸಾಫ್ಟನರ್ ಯಂತ್ರದಿಂದ ಬರುವ ನೀರೂ ಬೇಡ. ಸ್ನಾನಕ್ಕೆ ಅದು ಮೃದು, ಆದರೆ ಅದರಲ್ಲಿ ಸೋಡಿಯಂ ಇರುತ್ತದೆ.

ಹಾಗಾದರೆ ಏನು ಮಾಡುವುದು?

ಮಳೆ ನೀರು ಹಿಡಿಯಿರಿ. 100 ಚದರ ಅಡಿ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 90 ಲೀಟರ್ ನೀರು. ಒಂದು 200 ಲೀಟರ್ ಡ್ರಮ್ ಇಟ್ಟರೂ ಆರು ಚೀಲಕ್ಕೆ ದೊಡ್ಡ ಆಸರೆ. ಮೊದಲ ಮಳೆಯ ನೀರು ಧೂಳು, ಕಸ ತೊಳೆದುಕೊಂಡು ಬರುತ್ತದೆ, ಅದನ್ನು ಹರಿಯಲು ಬಿಡಿ. ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟದಿದ್ದರೆ ಸೊಳ್ಳೆ ಮರಿ ಮಾಡುತ್ತದೆ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಅದೇ ದಿನ ಹಾಕಿ. ಎ.ಸಿ.ಯಿಂದ ತೊಟ್ಟಿಕ್ಕುವ ನೀರೂ ಸಿಹಿ ನೀರೇ.

ಬೋರ್ ನೀರೇ ಗತಿ ಎನ್ನುವವರು ತಿಂಗಳಿಗೊಮ್ಮೆ ಚೀಲ ತೊಳೆಯಬೇಕು. ಅಂದರೆ ಮಳೆ ನೀರನ್ನೋ ಇರುವುದರಲ್ಲಿ ಸಿಹಿ ನೀರನ್ನೋ ಚೀಲದ ತಳದಿಂದ ಧಾರಾಳವಾಗಿ ಹರಿದು ಹೋಗುವ ತನಕ ನಿಧಾನವಾಗಿ ಹಾಕಬೇಕು. ಕಟ್ಟಿಕೊಂಡ ಉಪ್ಪು ಇಳಿದು ಹೋಗುತ್ತದೆ. ಅದಕ್ಕೆ ಮೊದಲು ಮೇಲಿನ ಬಿಳಿ ಪದರವನ್ನು ಚಮಚದಲ್ಲಿ ಕೆರೆದು ತೆಗೆದುಬಿಡಿ. ಜೋರು ಮಳೆ ಬಂದ ತಿಂಗಳು ಈ ಕೆಲಸ ಮಳೆಯೇ ಮಾಡುತ್ತದೆ.

ಎಷ್ಟು ನೀರು, ಎಷ್ಟು ಸಲ ಎಂದು ನಾನು ಲೆಕ್ಕ ಕೊಡುವುದಿಲ್ಲ. ತೋರುಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ. ತುದಿಗೆ ತಂಪು ತಾಗಿದರೆ ಇವತ್ತು ಬೇಡ. ಒಣಗಿದ್ದರೆ ತಳದಿಂದ ಜಿನುಗುವ ತನಕ ಹಾಕಿ. ದಿನಾ ಒಂದು ಲೋಟ ಮೇಲೆ ಚಿಮುಕಿಸುವುದು ಕೆಟ್ಟ ಅಭ್ಯಾಸ. ಬೇರು ಕೆಳಗೆ ಇಳಿಯುವುದಿಲ್ಲ, ಉಪ್ಪು ಮೇಲೇ ಕಟ್ಟುತ್ತದೆ. ಬೆಳಿಗ್ಗೆ ಎಂಟರೊಳಗೆ ಹಾಕಿ. ಮಧ್ಯಾಹ್ನ ಎಲೆ ಬಾಡಿದಂತೆ ಕಂಡರೆ ಗಾಬರಿ ಬೇಡ, ಸಂಜೆಗೆ ತಾನೇ ಎದ್ದು ನಿಲ್ಲುತ್ತದೆ. ಸಂಜೆಯೂ ಬಾಡಿದ್ದರೆ ನೋಡಬೇಕು.

ಮಣ್ಣಿನ ಮೇಲೆ ಎರಡು ಇಂಚು ರಾಗಿ ಹುಲ್ಲು ಅಥವಾ ಒಣಗಿದ ಹೊಂಗೆ ಎಲೆ ಹೊದಿಸಿ. ನೀರು ಬೇಗ ಆರುವುದಿಲ್ಲ, ಬಿಳಿ ಪದರವೂ ಕಡಿಮೆ.

5. ಮೊದಲ ಬೆಳೆ ಸೊಪ್ಪೇ ಆಗಲಿ

ಟೊಮೆಟೊದಿಂದಲೇ ಶುರು ಮಾಡಬೇಕೆಂದು ಎಲ್ಲರಿಗೂ ಆಸೆ. ನನ್ನ ಸಲಹೆ ಸೊಪ್ಪು. ತಿಂಗಳೊಳಗೆ ಕೈಗೆ ಬರುತ್ತದೆ, ತಪ್ಪಾದರೂ ನಷ್ಟ ಒಂದು ಹಿಡಿ ಬೀಜ. ವಾರಕ್ಕೆ ಎರಡು ಸಲವಾದರೂ ಮಸ್ಸೊಪ್ಪೋ ಬಸ್ಸಾರೋ ಮಾಡುವ ನಮ್ಮಂಥ ಮನೆಗಳಿಗೆ ಉಪಯೋಗವೂ ಇದರಿಂದಲೇ ಜಾಸ್ತಿ.

ಜೂನ್ ಮಳೆ ಹಿಡಿದ ಮೇಲೆ ಒಂದು ಸಲ, ಸೆಪ್ಟೆಂಬರ್ ಕೊನೆಯಿಂದ ಇನ್ನೊಂದು ಸಲ ಶುರು ಮಾಡಲು ಒಳ್ಳೆಯ ಕಾಲ. ಮೆಂತ್ಯ, ಪಾಲಕ್, ಕೊತ್ತಂಬರಿಗೆ ಅಕ್ಟೋಬರಿನಿಂದ ಫೆಬ್ರವರಿಯ ಚಳಿ ಹಿತ. ಏಪ್ರಿಲ್, ಮೇನಲ್ಲಿ ಕೊತ್ತಂಬರಿ ಬೆಳೆಯದೆ ಸೀದಾ ಹೂ ಬಿಡುತ್ತದೆ. ಆಗ ದಂಟು, ಹರಿವೆ, ಬಸಳೆ ಮಾತ್ರ ಬಿತ್ತಿ. ಅರ್ಧ ಬಿಸಿಲು ತಡೆಯುವ ಹಸಿರು ನೆಟ್ಟನ್ನು ಮೇಲೆ ಕಟ್ಟಿ.

ಹರಿವೆ ಬೀಜ ಗಸಗಸೆಯಷ್ಟು ಸಣ್ಣದು. ನಾಲ್ಕು ಪಾಲು ಒಣ ಮರಳಿಗೆ ಕಲಸಿ ಉದುರಿಸಿ, ಇಲ್ಲದಿದ್ದರೆ ಒಂದೇ ಕಡೆ ಗುಂಪಾಗಿ ಬೀಳುತ್ತದೆ. ಮೇಲೆ ತೆಳುವಾಗಿ ಜರಡಿ ಹಿಡಿದ ಮಣ್ಣು. ನೀರನ್ನು ಕೈಯಲ್ಲಿ ಚಿಮುಕಿಸಿ, ಚೆಂಬಿನಿಂದ ಹೊಯ್ದರೆ ಬೀಜವೆಲ್ಲಾ ಅಂಚಿಗೆ ತೇಲಿ ಹೋಗುತ್ತದೆ. 25ರಿಂದ 30 ದಿನಕ್ಕೆ ಎರಡು ಇಂಚು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ.

ಮೆಂತ್ಯವನ್ನು ರಾತ್ರಿ ನೆನೆಸಿ ಬಿತ್ತಿ. ಮೂರು ನಾಲ್ಕು ದಿನಕ್ಕೆ ಮೊಳಕೆ, 20ರಿಂದ 25 ದಿನಕ್ಕೆ ಸೊಪ್ಪು. ಅಡುಗೆಮನೆಯ ಡಬ್ಬಿಯ ಕಾಳೇ ಸಾಕು.

ಕೊತ್ತಂಬರಿ ಬರಲಿಲ್ಲ ಎನ್ನುವವರು ಹೆಚ್ಚಾಗಿ ಇಡೀ ಬೀಜ ಹಾಕಿರುತ್ತಾರೆ, ಇಲ್ಲವೇ ಆರನೇ ದಿನ ಮಣ್ಣು ಕೆದಕಿ ನೋಡಿರುತ್ತಾರೆ. ಧನಿಯಾದ ಒಂದು ಕಾಳಿನೊಳಗೆ ಎರಡು ಬೀಜ ಇರುತ್ತವೆ. ಬಟ್ಟೆಯ ಮೇಲೆ ಹರಡಿ ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ, ಎರಡು ಹೋಳಾಗಬೇಕು, ಪುಡಿಯಾಗಬಾರದು. ರಾತ್ರಿ ನೆನೆಸಿ ಅರ್ಧ ಇಂಚು ಆಳಕ್ಕೆ ಹಾಕಿ. ಎಂಟರಿಂದ ಹನ್ನೆರಡು ದಿನ ತಾಳ್ಮೆ ಬೇಕು.

ಬಸಳೆ, ಪುದೀನಕ್ಕೆ ಬೀಜವೇ ಬೇಡ. ಸಂತೆಯಿಂದ ತಂದ ಕಟ್ಟಿನಲ್ಲಿ ಬಲಿತ ಕಡ್ಡಿ ಆರಿಸಿ, ಎಲೆ ಬಿಡಿಸಿ, ಎರಡು ಗೆಣ್ಣು ಮಣ್ಣೊಳಗೆ ಹೋಗುವ ಹಾಗೆ ನೆಡಿ.

ನಾಲ್ಕೂ ಚೀಲಕ್ಕೆ ಒಂದೇ ದಿನ ಬಿತ್ತಬೇಡಿ. ವಾರಕ್ಕೊಂದು ಚೀಲದಂತೆ ಬಿತ್ತಿದರೆ ನಾಲ್ಕನೆಯದು ಬಿತ್ತುವ ಹೊತ್ತಿಗೆ ಮೊದಲನೆಯದು ಕೊಯ್ಲಿಗೆ ಬಂದಿರುತ್ತದೆ.

ಗುಲಾಬಿ ಅಥವಾ ನೀಲಿ ಬಣ್ಣ ಹಚ್ಚಿದ ಪ್ಯಾಕೆಟ್ ಬೀಜಕ್ಕೆ ಔಷಧಿ ಲೇಪಿಸಿರುತ್ತಾರೆ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

6. ಟೊಮೆಟೊ, ಮೆಣಸಿನಕಾಯಿ

ಕೋಲಾರದಲ್ಲಿ ಕೂತು ಟೊಮೆಟೊ ಯಾಕೆ ಬೆಳೆಯಬೇಕು ಎಂದು ಕೇಳುತ್ತಾರೆ. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು ನಮ್ಮ ಎ.ಪಿ.ಎಂ.ಸಿ. ಕೆಲವು ಸಲ ಕೊಳ್ಳುವವರಿಲ್ಲದೆ ರಸ್ತೆಗೆ ಸುರಿಯುತ್ತಾರೆ. 2023ರ ಜುಲೈಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿದ್ದನ್ನೂ ನೋಡಿದ್ದೇವೆ. ದುಡ್ಡು ಉಳಿಸಲು ಎರಡು ಗಿಡ ಸಾಲದು. ಹುಳಿಯಾದ ನಾಟಿ ಟೊಮೆಟೊ ಸಾರಿಗೆ ಬೇಕು ಎನ್ನುವವರು ಬೆಳೆಯಿರಿ. ನಾಟಿ ಗಿಡದ ಬೀಜ ಮುಂದಿನ ಸಲಕ್ಕೂ ಆಗುತ್ತದೆ. ಹೈಬ್ರಿಡ್ ಹಣ್ಣಿನ ಬೀಜ ಹಾಕಿದರೆ ತಾಯಿ ಗಿಡದಂತೆ ಬರುವುದಿಲ್ಲ.

ನಮ್ಮಲ್ಲಿ ನರ್ಸರಿಗಳಿಗೆ ಬರವಿಲ್ಲ. ಟ್ರೇಯಲ್ಲಿ ಬೆಳೆಸಿದ ಸಸಿ, ನಾವು ನಾರು ಎನ್ನುತ್ತೇವಲ್ಲ, ಅದನ್ನೇ ತನ್ನಿ. 25ರಿಂದ 30 ದಿನದ, ಗಿಡ್ಡವಾಗಿ ಕಾಂಡ ದಪ್ಪ ಇರುವುದು ಒಳ್ಳೆಯದು. ಸಂಜೆ ಹೊತ್ತು ನೆಡಿ. ಟೊಮೆಟೊ ಸಸಿಯನ್ನು ಕೆಳಗಿನ ಎಲೆ ತೆಗೆದು ಅರ್ಧ ಕಾಂಡ ಮಣ್ಣಿನಲ್ಲಿ ಮುಚ್ಚುವಂತೆ ಇಳಿಸಿ. ಮುಚ್ಚಿದ ಕಾಂಡದಿಂದಲೂ ಬೇರು ಬರುತ್ತದೆ. ಮೆಣಸಿನ ಸಸಿಗೆ ಹೀಗೆ ಮಾಡಬೇಡಿ.

ಒಂದು ಚೀಲಕ್ಕೆ ಒಂದೇ ಟೊಮೆಟೊ. ಮೂರು ಇಟ್ಟರೆ ಮೂರು ಪಾಲು ಹಣ್ಣು ಬರುವುದಿಲ್ಲ. ನೆಟ್ಟ ದಿನವೇ ನಾಲ್ಕು ಅಡಿಯ ನೀಲಗಿರಿ ಕಡ್ಡಿ ಊರಿ. ಆಮೇಲೆ ಊರಿದರೆ ಬೇರು ಹರಿಯುತ್ತದೆ. ಹಿಪ್ಪುನೇರಳೆ ಕಡ್ಡಿ ಇದ್ದರೆ ಪೂರ್ತಿ ಒಣಗಿಸಿ ಬಳಸಿ, ಹಸಿಯಾಗಿದ್ದರೆ ಅದೇ ಚಿಗುರಿಬಿಡುತ್ತದೆ. ಹೂ ಬಂದ ಮೇಲೆ ಬೆಳಿಗ್ಗೆ ಹೂಗೊಂಚಲಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಪರಾಗ ಉದುರಿ ಕಾಯಿ ಕಟ್ಟುತ್ತದೆ. ಮಾರ್ಚ್ ಕೊನೆಯಿಂದ ಬಿಸಿಲಿಗೆ ಹೂ ಉದುರುವುದು ಸಹಜ.

ಕಾಯಿಯ ತಳ ಕಪ್ಪಾಗಿ ಚಪ್ಪಟೆಯಾದರೆ ಸುಣ್ಣ ಕಡಿಮೆ ಎಂದು ಮೊಟ್ಟೆ ಚಿಪ್ಪು, ಸುಣ್ಣ ಹಾಕುತ್ತಾರೆ. ನಮ್ಮ ನೀರಿನಲ್ಲೇ ಬೇಕಾದಷ್ಟು ಸುಣ್ಣ ಇದೆ. ಒಂದು ದಿನ ಒಣಗಿಸಿ ಇನ್ನೊಂದು ದಿನ ಮುಳುಗಿಸಿದರೆ ಅದು ಕಾಯಿಯವರೆಗೆ ತಲುಪುವುದಿಲ್ಲ. ನೀರನ್ನು ಹದವಾಗಿ ಕೊಡಿ, ಮುಂದಿನ ಕಾಯಿ ಸರಿಯಾಗಿ ಬರುತ್ತವೆ.

ಮೆಣಸಿನಕಾಯಿಗೆ 12 ಇಂಚಿನ ಚೀಲ ಸಾಕು. ಹುರುಳಿಕಾಯಿ ಉಪ್ಪು ನೀರನ್ನು ಸ್ವಲ್ಪವೂ ತಡೆಯುವುದಿಲ್ಲ, ಮಳೆ ನೀರಿಲ್ಲದವರು ಅದಕ್ಕೆ ಕೈ ಹಾಕಬೇಡಿ. ಪಾಲಕ್ ಅದಕ್ಕಿಂತ ಚೆನ್ನಾಗಿ ತಡೆಯುತ್ತದೆ.

7. ಗೊಬ್ಬರ

ಮೊದಲ ತಿಂಗಳು ಏನೂ ಬೇಡ. ಆಮೇಲೆ ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ. ಕಾಯಿ ಗಿಡಕ್ಕೆ ಕಡಲೆಕಾಯಿ ಹಿಂಡಿ ಒಳ್ಳೆಯದು. 100 ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಹತ್ತು ಪಾಲು ನೀರು ಬೆರೆಸಿ ಹಾಕಿ. ವಾಸನೆ ಇರುತ್ತದೆ, ಸಂಜೆ ಹಾಕಿದರೆ ಬೆಳಿಗ್ಗೆಗೆ ಹೋಗುತ್ತದೆ.

8. ಹುಳ, ರೋಗ

ಎಲೆಯ ಹಿಂಬದಿಯನ್ನು ಎರಡು ದಿನಕ್ಕೊಮ್ಮೆ ತಿರುಗಿಸಿ ನೋಡಿ. ಹೇನು, ಬಿಳಿ ನೊಣ, ಹತ್ತಿಯಂತೆ ಅಂಟಿಕೊಂಡ ಬಿಳಿ ತಿಗಣೆ ಎಲ್ಲಾ ಶುರುವಾಗುವುದು ಅಲ್ಲೇ. ಮೊದಲು ನೀರಿನ ಧಾರೆ ಬಿಟ್ಟು ತೊಳೆಯಿರಿ. ಹೋಗದಿದ್ದರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.

ಎಲೆಯ ಮೇಲೆ ಬಿಳಿ ಗೆರೆ ಎಳೆದಂತೆ ಕಂಡರೆ ರಂಗೋಲಿ ಹುಳು. ಆ ಎಲೆ ಕಿತ್ತು ಹಾಕಿದರೆ ಆಯಿತು. ಟೊಮೆಟೊ ಗಿಡದ ತುದಿ ಎಲ್ಲಾ ಮುದುರಿ, ಎಲೆ ಸಣ್ಣದಾಗಿ ಗಿಡ ಕುಗ್ಗಿ ಹೋದರೆ ಅದು ಬಿಳಿ ನೊಣ ಹರಡುವ ವೈರಸ್. ಇದಕ್ಕೆ ಔಷಧಿ ಇಲ್ಲ. ಪಾಪ, ಇಷ್ಟು ದಿನ ಸಾಕಿದ್ದೇನೆ ಎಂದು ಉಳಿಸಿಕೊಂಡರೆ ಪಕ್ಕದ ಗಿಡಕ್ಕೂ ಬರುತ್ತದೆ. ಅದೇ ದಿನ ಕಿತ್ತುಬಿಡಿ.

ಸೊಪ್ಪಿಗೆ ಅಂಗಡಿಯ ಕೀಟನಾಶಕ ಹೊಡೆಯಬೇಡಿ. ಹುಳ ಬಿದ್ದ ಎಲೆ ತೆಗೆದು ಉಳಿದದ್ದನ್ನು ತಿನ್ನೋಣ.

9. ಬೆಳೆ ಮುಗಿದ ಮೇಲೆ

ಮಣ್ಣು ಎಸೆಯಬೇಡಿ. ಚೀಲವನ್ನು ಗೋಣಿಯ ಮೇಲೆ ಬೋರಲು ಹಾಕಿ ಬೇರಿನ ಉಂಡೆ ಬಿಡಿಸಿ. ಬೇರು ಬೆಳ್ಳಗೆ, ಬಿಗಿಯಾಗಿದ್ದರೆ ಮಣ್ಣು ಚೆನ್ನಾಗಿತ್ತು. ಕಂದಾಗಿ ಕೊಳೆತ ವಾಸನೆ ಬಂದರೆ ನೀರು ನಿಂತಿದೆ, ತೂತು ನೋಡಿ. ಬೇರಿನಲ್ಲಿ ಗಂಟು ಗಂಟು ಕಂಡರೆ ಜಂತುಹುಳದ (ಬೇರಿನೊಳಗೆ ಸೇರುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳ) ಬಾಧೆ, ಆ ಮಣ್ಣಿಗೆ ಮತ್ತೆ ಟೊಮೆಟೊ, ಬದನೆ ಹಾಕಬೇಡಿ.

ಏಪ್ರಿಲ್ ಬಿಸಿಲು ನಮಗೆ ಇಲ್ಲಿ ಉಪಕಾರಕ್ಕೆ ಬರುತ್ತದೆ. ಮಣ್ಣನ್ನು ತೇವ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಕೆಳಗೆ ಅರ್ಧ ಅಡಿ ದಪ್ಪಕ್ಕೆ ಹರಡಿ, ಅಂಚು ಮುಚ್ಚಿ ನಾಲ್ಕು ವಾರ ಬಿಡಿ. ಹುಳ, ರೋಗ ಬಹುಪಾಲು ಸಾಯುತ್ತವೆ. ಮೇ ಕೊನೆಯಲ್ಲಿ ಮೂರು ಬಕೆಟ್ ಹಳೆ ಮಣ್ಣಿಗೆ ಒಂದು ಬಕೆಟ್ ಎರೆಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಸೇರಿಸಿ ಚೀಲ ತುಂಬಿಡಿ. ಮುಂಗಾರಿನ ಮೊದಲ ಎರಡು ಮೂರು ಮಳೆ ಆ ಚೀಲಗಳ ಮೇಲೆಯೇ ಬೀಳಲಿ, ಉಳಿದ ಉಪ್ಪು ತೊಳೆದು ಹೋಗುತ್ತದೆ. ಆಮೇಲೆ ಹರಿವೆ ಬೀಜ ಬಿತ್ತಿ.